ಹೈಸ್ಕೂಲಿನಲ್ಲಿ ಕೃಷಿ ಕೋರ್ಸ್ ನಡೆಸುವುದು ಹೇಗೆ: ಮಣ್ಣಿನ ಬಾಟಲಿಯಿಂದ ಅಂಕಪಟ್ಟಿಯವರೆಗೆ

ಶಾಲೆಯ ಕೈತೋಟ ಬೇರೆ, ಕೃಷಿ ಕೋರ್ಸ್ ಬೇರೆ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಲ ವರ್ಷ ನಾನು ನಡೆಸಿದ್ದು ಕೈತೋಟ. ಮಕ್ಕಳು ಅಗೆದರು, ನೀರು ಹೊತ್ತರು, ಗಿಡ ಬಂತು, ಫೋಟೊ ತೆಗೆದೆವು, ರಜೆ ಬಂತು, ಎಲ್ಲ ಒಣಗಿತು. ಕೊನೆಗೆ ಒಬ್ಬ ಹುಡುಗಿಯನ್ನು "ಈ ಮಡಿಯಲ್ಲಿ ಗಿಡ ಯಾಕೆ ಕುಳ್ಳಗಾಯಿತು?" ಎಂದು ಕೇಳಿದೆ. "ನೀರು ಕಮ್ಮಿ ಆಯ್ತೇನೋ ಸರ್" ಎಂದಳು. ಎಷ್ಟು ನೀರು ಹಾಕಿದ್ದಳು, ಮಣ್ಣು ಎಂಥದ್ದು, ಪಕ್ಕದ ಮಡಿಯಲ್ಲಿ ಏನಾಗಿತ್ತು, ಯಾವುದನ್ನೂ ಬರೆದಿಟ್ಟಿರಲಿಲ್ಲ. ತಪ್ಪು ಅವಳದ್ದಲ್ಲ. ಬರೆಯಬೇಕೆಂದು ನಾನು ಹೇಳಿಯೇ ಇರಲಿಲ್ಲ.

13ರಿಂದ 16ರ ವಯಸ್ಸಿನ ಮಕ್ಕಳಿಗೆ ಒಂದು ವರ್ಷದ ಕೃಷಿ ಕೋರ್ಸ್ ಕಟ್ಟಬೇಕೆಂದಿರುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೃಷಿ ಪದವಿ ಇರಲೇಬೇಕೆಂದಿಲ್ಲ; ವಿಜ್ಞಾನವನ್ನೋ ಗಣಿತವನ್ನೋ ಕಲಿಸುವವರು ಚೆನ್ನಾಗಿಯೇ ನಡೆಸಬಲ್ಲರು. ಒಂದು ಮಾತನ್ನು ಮಾತ್ರ ಮೊದಲೇ ಒಪ್ಪಿಕೊಳ್ಳಬೇಕು. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆಯಾದರೂ ಬೇಸಾಯದ ಒಂದು ತೀರ್ಮಾನವನ್ನು ತಾನೇ ತೆಗೆದುಕೊಂಡು, ಅದರ ಫಲ ನೋಡಿ, ಅಂಕಿ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕೆ ದಾರಿ.

## ಹೆಜ್ಜೆ 1: ಪಠ್ಯಕ್ರಮವನ್ನು ಕೊನೆಯಿಂದ ಬರೆಯಿರಿ

ಪಾಠಗಳ ಪಟ್ಟಿ ಮಾಡುವ ಮೊದಲು, ವರ್ಷದ ಕೊನೆಗೆ ವಿದ್ಯಾರ್ಥಿಗೆ ಏನೇನು ಮಾಡಲು ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಮಣ್ಣನ್ನು ಕೈಯಲ್ಲಿ ಹಿಡಿದು ಅದರ ಗುಣ ಹೇಳುವುದು, ಬೀಜದ ಮೊಳಕೆ ಪ್ರಮಾಣ ಪರೀಕ್ಷಿಸಿ ಎಷ್ಟು ಬಿತ್ತಬೇಕೆಂದು ಲೆಕ್ಕ ಹಾಕುವುದು, ಎಲೆ ನೋಡಿ ಕೊರತೆ ಊಹಿಸುವುದು, ಗೊಬ್ಬರದ ಚೀಲದ ಮೇಲಿನ ಅಂಕಿ ಓದುವುದು, ಒಂದು ಚಿಕ್ಕ ಪ್ರಯೋಗವನ್ನು ಮೋಸವಿಲ್ಲದೆ ನಡೆಸುವುದು, ಖರ್ಚು-ಆದಾಯದ ಲೆಕ್ಕ ಇಡುವುದು. "ಕೃಷಿಯ ಮಹತ್ವವನ್ನು ಅರಿಯುವುದು" ಎಂಬ ಸಾಲು ಎಲ್ಲ ಪಠ್ಯಕ್ರಮಗಳಲ್ಲೂ ಇರುತ್ತದೆ. ಅದನ್ನು ಪರೀಕ್ಷಿಸಲು ಬರುವುದಿಲ್ಲ, ಹಾಗಾಗಿ ಹೊಡೆದುಹಾಕಿದೆ.

ತರಗತಿಯ ಪಾಠ, ವಿದ್ಯಾರ್ಥಿಯ ಸ್ವಂತ ಪ್ರಾಜೆಕ್ಟ್, ವಿದ್ಯಾರ್ಥಿಗಳೇ ನಡೆಸುವ ಸಂಘ, ಈ ಮೂರು ಕಾಲಿನ ಮೇಲೆ ಕೋರ್ಸ್ ನಿಲ್ಲಿಸುವ ಕ್ರಮ ಅಮೆರಿಕದಲ್ಲಿ ಬೆಳೆದದ್ದು. 1908ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿ ರೂಫಸ್ ಸ್ಟಿಮ್ಸನ್ ಎಂಬ ಶಿಕ್ಷಕ, ಶಾಲೆಯಲ್ಲಿ ಕಲಿತದ್ದನ್ನು ಹುಡುಗರು ತಮ್ಮ ಮನೆಯ ಹೊಲದಲ್ಲೇ ಮಾಡಿ ತೋರಿಸಬೇಕೆಂಬ 'ಮನೆ ಪ್ರಾಜೆಕ್ಟ್' ಪದ್ಧತಿಯನ್ನು ತಂದರು. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಆ ವಿಚಾರವನ್ನು ಕಾನೂನಿಗೇ ಸೇರಿಸಿತು. ಕೃಷಿ ಕಲಿಸುವ ಶಾಲೆಗೆ ಹಣ ಬೇಕಾದರೆ ವರ್ಷಕ್ಕೆ ಕನಿಷ್ಠ 6 ತಿಂಗಳು ಶಿಕ್ಷಕರ ನಿಗಾದಲ್ಲಿ ಹೊಲದ ಅಭ್ಯಾಸ ನಡೆಯಲೇಬೇಕು ಎಂದಿತು. ನಮ್ಮ ಶಾಲೆಗಳಿಗೆ ಇಲ್ಲಿಂದ ತೆಗೆದುಕೊಳ್ಳಲು ಇರುವುದು ಆ ಮಧ್ಯದ ಕಾಲು, ಅಂದರೆ ಸ್ವಂತ ಪ್ರಾಜೆಕ್ಟ್. ಸಂಘ ಇಲ್ಲದೆಯೂ ಕೋರ್ಸ್ ನಡೆಯುತ್ತದೆ. ಪ್ರಾಜೆಕ್ಟ್ ಇಲ್ಲದಿದ್ದರೆ ಉಳಿಯುವುದು ನೋಟ್ಸ್ ಮಾತ್ರ.

## ಹೆಜ್ಜೆ 2: ನೆಲ, ನೀರು, ವೇಳಾಪಟ್ಟಿ

ಎಕರೆಗಟ್ಟಲೆ ಜಾಗ ಬೇಡ. 40 ಮಕ್ಕಳನ್ನು 20 ಜೋಡಿ ಮಾಡಿ. ಪ್ರತಿ ಜೋಡಿಗೆ 2 ಚದರ ಮೀಟರಿನ ಒಂದು ಮಡಿ ಸಾಕು, ಒಟ್ಟು 40 ಚದರ ಮೀಟರ್. ಮಡಿಯ ಅಗಲ 1.2 ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಮಡಿಯೊಳಗೆ ಯಾರೂ ಕಾಲಿಡಬಾರದು. ನಡುವೆ ಅರ್ಧ ಮೀಟರ್ ಓಡಾಟದ ದಾರಿ ಬಿಡಿ. ನೆಲವೇ ಇಲ್ಲದಿದ್ದರೆ 15-20 ಲೀಟರಿನ ಹಳೆಯ ಬಕೆಟ್ಟುಗಳು ಆಗುತ್ತವೆ. ತಳದಲ್ಲಿ ತೂತು ಮಾತ್ರ ಮರೆಯಬೇಡಿ.

ನೀರಿನ ಲೆಕ್ಕವನ್ನು ನೀವು ಮಾಡಬೇಡಿ, ಮಕ್ಕಳಿಂದ ಮಾಡಿಸಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಎಂದರೆ ಸರಿಯಾಗಿ 1 ಲೀಟರ್. ಬೆಚ್ಚಗಿನ ಒಣ ಹವೆಯಲ್ಲಿ, ಎಲೆ ತುಂಬಿದ ಬೆಳೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬಳಸುತ್ತದೆ ಎಂದಿಟ್ಟುಕೊಂಡರೆ 40 ಚದರ ಮೀಟರಿಗೆ 200 ಲೀಟರ್, ಅಂದರೆ 10 ಲೀಟರಿನ 20 ಬಕೆಟ್. ಶನಿವಾರ, ಭಾನುವಾರ ಇದನ್ನು ಹೊರುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮಡಿಗಳ ಸಂಖ್ಯೆ ಗೊತ್ತುಮಾಡಿ. ಉತ್ತರ ಸಿಗದಿದ್ದರೆ ಮಡಿಗಳನ್ನು ಅರ್ಧ ಮಾಡಿ. ಒಣಗಿದ 20 ಮಡಿಗಿಂತ ಹಸಿರಾದ 10 ಮಡಿ ಎಷ್ಟೋ ವಾಸಿ.

ವಾರಕ್ಕೆ ಮೂರು ಪಿರಿಯಡ್ ಸಿಕ್ಕರೆ ಎರಡನ್ನು ಒಟ್ಟಿಗೆ ಹಾಕಿಸಿಕೊಳ್ಳಿ. 40 ನಿಮಿಷದಲ್ಲಿ ಸಲಿಕೆ ತೆಗೆದು, ಕೆಲಸ ಮಾಡಿ, ಕೈತೊಳೆದು ಬರಲು ಆಗುವುದಿಲ್ಲ. ಬೆಳೆಯ ಆಯ್ಕೆಯನ್ನು ರಜೆಯ ಕ್ಯಾಲೆಂಡರಿನಿಂದ ಹಿಂದಕ್ಕೆ ಎಣಿಸಿ ಮಾಡಿ. ಚಿಕ್ಕ ಕೆಂಪು ಮೂಲಂಗಿಗೆ ಸುಮಾರು ಒಂದು ತಿಂಗಳು ಸಾಕು, ಕುರುಚಲು ಬೀನ್ಸ್‌ಗೆ 50ರಿಂದ 60 ದಿನ. ಟೊಮೆಟೊಗೆ ಸಸಿ ಮಡಿಯ ಕಾಲವನ್ನೂ ಸೇರಿಸಿದರೆ ಮೂರು ತಿಂಗಳು ದಾಟುತ್ತದೆ. ಕೊಯ್ಲು ರಜೆಯೊಳಗೆ ಬಿದ್ದರೆ ಆ ಬೆಳೆ ನಿಮ್ಮದಲ್ಲ, ಹಕ್ಕಿಗಳದ್ದು.

## ಹೆಜ್ಜೆ 3: ಮೊದಲ ತಿಂಗಳು ಬರೀ ಮಣ್ಣು

ಬಿತ್ತಲು ಮಕ್ಕಳಿಗೆ ಆತುರ. ತಡೆಯಿರಿ. ಮಣ್ಣಿನ ಪಾಠ ಮುಗಿಯದೆ ಬೀಜ ಮುಟ್ಟಬಾರದು ಎಂಬ ನಿಯಮದಿಂದ ನನಗೆ ಒಮ್ಮೆಯೂ ನಷ್ಟವಾಗಿಲ್ಲ.

ಮೊದಲು ಬಾಟಲಿ ಪರೀಕ್ಷೆ. ಅಗಲ ಬಾಯಿಯ, ನೇರ ಗೋಡೆಯ ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗಕ್ಕೆ, ಕಲ್ಲು-ಕಡ್ಡಿ ತೆಗೆದು ಪುಡಿ ಮಾಡಿದ ಮಣ್ಣು ಹಾಕಿ. ಮೇಲೆ ನೀರು ತುಂಬಿ, ಒಂದು ಚಿಟಿಕೆ ಪಾತ್ರೆ ತೊಳೆಯುವ ಪುಡಿ ಸೇರಿಸಿ. ಅದು ಒಂದಕ್ಕೊಂದು ಅಂಟಿಕೊಂಡ ಕಣಗಳನ್ನು ಬಿಡಿಸುತ್ತದೆ. ಐದು ನಿಮಿಷ ಬಿಡದೆ ಕುಲುಕಿ ಕೆಳಗಿಡಿ. ಸುಮಾರು ಒಂದು ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಅಲ್ಲಿಗೆ ಒಂದು ಗೆರೆ. ಎರಡು ಗಂಟೆಯ ಹೊತ್ತಿಗೆ ರೇವೆ ಕೂರುತ್ತದೆ, ಇನ್ನೊಂದು ಗೆರೆ. ಜೇಡಿ ಕೂರಲು ಒಂದು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಒಟ್ಟು 10 ಸೆಂ.ಮೀ. ಪದರದಲ್ಲಿ ಮರಳು 5, ರೇವೆ 3, ಜೇಡಿ 2 ಬಂದರೆ ಅದು ಶೇ. 50-30-20, ಅಂದರೆ ಗೋಡು ಮಣ್ಣು. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ ಎಂಬುದನ್ನೂ ಹೇಳಿಬಿಡಿ. ಎರಡು ಜೋಡಿಗೆ ಒಂದೇ ಮಣ್ಣು ಕೊಟ್ಟು, ಬಂದ ಉತ್ತರಗಳ ಅಂತರವನ್ನು ಅವರಿಗೇ ತೋರಿಸಿದರೆ ಅಳತೆಯ ದೋಷ ಎಂದರೇನು ಎಂಬ ಪಾಠ ಪುಕ್ಕಟೆಯಾಗಿ ಆಗಿಹೋಗುತ್ತದೆ.

ಬಾಟಲಿಯ ಉತ್ತರವನ್ನು ಕೈಯಿಂದ ತಾಳೆ ನೋಡಿಸಿ. ಒದ್ದೆ ಮಣ್ಣನ್ನು ಉಂಡೆ ಮಾಡಿ, ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಗೆ ತಳ್ಳಬೇಕು. ಉಂಡೆಯೇ ನಿಲ್ಲದಿದ್ದರೆ ಮರಳು. ಪಟ್ಟಿ 5 ಸೆಂ.ಮೀ. ದಾಟಿಯೂ ಮುರಿಯದೆ ನಿಂತರೆ ಜೇಡಿ. ಹತ್ತು ಸಲ ಮಾಡಿದ ಮೇಲೆ ಮಕ್ಕಳು ಬಾಟಲಿಯನ್ನೇ ಕೇಳುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎರಡೂ ಕಡೆ ತೆರೆದ ಡಬ್ಬಿಯನ್ನು ನೆಲಕ್ಕೆ 5 ಸೆಂ.ಮೀ. ಇಳಿಸಿ, ಒಳಗೆ 2.5 ಸೆಂ.ಮೀ. ಎತ್ತರಕ್ಕೆ ನೀರು ಸುರಿದು, ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡುವುದು. ಒಮ್ಮೆ ಮಡಿಯಲ್ಲಿ, ಒಮ್ಮೆ ಎಲ್ಲರೂ ಓಡಾಡುವ ಮೈದಾನದ ಅಂಚಿನಲ್ಲಿ. ಮಡಿಯಲ್ಲಿ ಸರಕ್ಕನೆ ಇಳಿದ ನೀರು ಮೈದಾನದಲ್ಲಿ ಪಿರಿಯಡ್ ಮುಗಿದರೂ ನಿಂತಿರುವುದನ್ನು ಕಂಡವರಿಗೆ "ಮಡಿಯೊಳಗೆ ಕಾಲಿಡಬೇಡಿ" ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದಾದರೆ ಅದು ಮಕ್ಕಳದೇ ಕೆಲಸವಾಗಲಿ. ಅಡ್ಡಾದಿಡ್ಡಿ ನಡೆಯುತ್ತ 10-15 ಕಡೆ, ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ. ಆಳಕ್ಕೆ ಗುಂಡಿ ತೆಗೆದು, ಅದರ ಗೋಡೆಯಿಂದ ಒಂದು ಹೋಳು ಕೆತ್ತಿಕೊಳ್ಳಬೇಕು. ಬದುವಿನ ಅಂಚು, ಮರದ ನೆರಳು, ಗೊಬ್ಬರದ ಗುಂಡಿಯ ಪಕ್ಕ ಬೇಡ. ಎಲ್ಲ ಬೆರೆಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಬೇಕು. ವರದಿ ಬಂದಾಗ ಮೊದಲು ನೋಡಬೇಕಾದದ್ದು ಪಿಎಚ್. ಹೆಚ್ಚಿನ ಬೆಳೆಗಳಿಗೆ 6ರಿಂದ 7.5 ಹಿತ. ಅದಕ್ಕಿಂತ ತೀರಾ ಆಚೀಚೆಯಾದರೆ ಮಣ್ಣಿನಲ್ಲಿ ಪೋಷಕಾಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ.

## ಹೆಜ್ಜೆ 4: ಬೀಜ

ಒಂದೇ ಪಿರಿಯಡ್ ಸಾಕು, ಆದರೆ ಬಿಡಬಾರದು. 100 ಬೀಜವನ್ನು 25ರ ನಾಲ್ಕು ಗುಂಪು ಮಾಡಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ, ಆರದಂತೆ ನೋಡಿಕೊಂಡು, ವಾರದ ಕೊನೆಗೆ ಎಣಿಸಿ. ನಾಲ್ಕು ಗುಂಪು ಯಾಕೆ ಎಂದು ಯಾರಾದರೂ ಕೇಳಿದರೆ ಒಳ್ಳೆಯದು. ನಾಲ್ಕರ ಎಣಿಕೆಯೂ ಬೇರೆ ಬೇರೆ ಬಂದಿರುತ್ತದೆ, ಅದೇ ಉತ್ತರ. ಮೊಳಕೆ ಶೇ. 80 ಬಂದರೆ, 100 ಗಿಡ ಬೇಕಾದವರು ಬಿತ್ತಬೇಕಾದದ್ದು 125. 'ಅಂದಾಜಿಗೆ ಒಂದು ಹಿಡಿ' ಎಂಬ ಅಳತೆ ಅಂದಿಗೆ ಮುಗಿಯಿತು. ಬೀಜದ ದಪ್ಪದ ಎರಡು-ಮೂರು ಪಟ್ಟು ಆಳಕ್ಕೆ ಊರುವುದು ವಾಡಿಕೆ.

ಒಂದು ಎಚ್ಚರ: ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಬಳಿದ ಬೀಜಕ್ಕೆ ಸಾಮಾನ್ಯವಾಗಿ ಔಷಧ ಲೇಪಿಸಿರುತ್ತಾರೆ. ತರಗತಿಗೆ ಲೇಪನವಿಲ್ಲದ ಬೀಜವನ್ನೇ ಕೇಳಿ ತನ್ನಿ.

## ಹೆಜ್ಜೆ 5: ಪ್ರತಿ ಮಡಿಗೂ ಒಂದು ಪ್ರಶ್ನೆ

ಕೋರ್ಸಿನ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಕ್ಕಳನ್ನು "ಏನು ಬೆಳೀತೀರಿ?" ಎಂದು ಕೇಳಬೇಡಿ, "ಏನು ತಿಳ್ಕೋಬೇಕು?" ಎಂದು ಕೇಳಿ. ಮೊದಲು ಬರುವ ಪ್ರಶ್ನೆಗಳು ಬೆಟ್ಟದಷ್ಟು ದೊಡ್ಡವು: "ಸಾವಯವ ಒಳ್ಳೇದಾ, ರಾಸಾಯನಿಕ ಒಳ್ಳೇದಾ?" ಇದಕ್ಕೆ ಎರಡು ಚದರ ಮೀಟರಿನಲ್ಲಿ ಉತ್ತರ ಸಿಗುವುದಿಲ್ಲ. ಕೆತ್ತಿ ಕೆತ್ತಿ ಚಿಕ್ಕದು ಮಾಡಿಸಿ. ಒಣಹುಲ್ಲು ಹೊದಿಸಿದರೆ ಬೀನ್ಸ್ ಇಳುವರಿ ಹೆಚ್ಚುತ್ತದೆಯೇ? ಗಿಡದ ಅಂತರ 10 ಸೆಂ.ಮೀ. ಇಟ್ಟರೆ ಲಾಭವೋ 20 ಇಟ್ಟರೆ ಲಾಭವೋ? ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಲೇಪಿಸಿದ ಅಲಸಂದೆಗೆ ಬೇರುಗಂಟು ಹೆಚ್ಚು ಬರುತ್ತದೆಯೇ? ಬಿತ್ತುವ ಮುನ್ನ ಬೀಜ ನೆನೆಸಿದರೆ ಎಷ್ಟು ದಿನ ಬೇಗ ಮೊಳೆಯುತ್ತದೆ? ಇಂಥ ಐದು ಪ್ರಶ್ನೆ ಆರಿಸಿ, ಒಂದೊಂದು ಪ್ರಶ್ನೆಯನ್ನು ನಾಲ್ಕು ಜೋಡಿಗೆ ಹಂಚಿ.

ಪ್ರತಿ ಜೋಡಿಯೂ ತನ್ನ ಮಡಿಯನ್ನು ಎರಡು ಅರ್ಧ ಮಾಡುತ್ತದೆ, ಒಂದರಲ್ಲಿ ಹೊದಿಕೆ ಉಂಟು, ಇನ್ನೊಂದರಲ್ಲಿ ಇಲ್ಲ. ಯಾವ ಅರ್ಧಕ್ಕೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಯಾಕೆಂದರೆ ಮಕ್ಕಳೂ ಮನುಷ್ಯರೇ. ತಮಗೆ ಇಷ್ಟವಾದ ಉಪಾಯವನ್ನು ಚೆನ್ನಾಗಿ ಕಾಣುವ ಮಣ್ಣಿಗೇ ಹಾಕುತ್ತಾರೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಬ್ರಾಡ್‌ಬಾಕ್ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅದೇ ಕೃಷಿ ಸಂಶೋಧನಾ ಸಂಸ್ಥೆಗೆ 1919ರಲ್ಲಿ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಹೊಲದ ಪ್ರಯೋಗದಲ್ಲಿ ಹೀಗೆ ಅದೃಷ್ಟಕ್ಕೆ ಬಿಟ್ಟು ಹಂಚುವುದೂ ಒಂದೇ ಹೋಲಿಕೆಯನ್ನು ಹಲವು ಕಡೆ ಮರಳಿ ಮಾಡುವುದೂ ಯಾಕೆ ಬೇಕೆಂದು ತೋರಿಸಿಕೊಟ್ಟವರು. ಇಂದು ವೈದ್ಯಕೀಯ ಪ್ರಯೋಗಗಳಲ್ಲೂ ಬಳಸುವ ಈ ವಿಚಾರಕ್ಕೆ ಇಂಬು ಸಿಕ್ಕಿದ್ದು ಹೊಲದಲ್ಲಿ ಎಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ.

ಕೊಯ್ಲಾದ ಮೇಲೆ ನಾಲ್ಕು ಜೋಡಿಯೂ ತೂಕಗಳನ್ನು ಬೋರ್ಡಿನ ಮೇಲೆ ಬರೆಯಲಿ. ಹೊದಿಕೆ ಇದ್ದ ಅರ್ಧಗಳಲ್ಲಿ 1.9, 1.4, 2.1, 1.6 ಕಿಲೋ, ಇಲ್ಲದ ಅರ್ಧಗಳಲ್ಲಿ 1.5, 1.5, 1.6, 1.2 ಕಿಲೋ ಬಂತೆಂದು ಇಟ್ಟುಕೊಳ್ಳಿ. ಸರಾಸರಿ 1.75 ಮತ್ತು 1.45. ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಸುವುದು ಸುಲಭ. ಬೇಡ, ಎರಡನೆಯ ಮಡಿಯ ಕಡೆ ಬೆರಳು ತೋರಿಸಿ. ಅಲ್ಲಿ ಹೊದಿಕೆ ಇದ್ದ ಅರ್ಧವೇ ಹಿಂದೆ ಬಿದ್ದಿದೆ. ಯಾಕೆ? ದಿನಚರಿ ತೆರೆಸಿ. ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳುತ್ತಿತ್ತೇ? ಹೊದಿಕೆಯಡಿ ಬಸವನಹುಳು ಸೇರಿತ್ತೇ? ಕಾರಣ ಸಿಗದೆಯೂ ಹೋಗಬಹುದು. ಆಗ "ಗೊತ್ತಿಲ್ಲ" ಎಂದು ಬರೆಯಲಿ. ಆ ಪದಕ್ಕೆ ನಾನು ಅಂಕ ಕಳೆಯುವುದಿಲ್ಲ.

ಎರಡು ತಪ್ಪುಗಳು ಪ್ರತಿ ವರ್ಷ ಬರುತ್ತವೆ. ಒಂದು, ಹೊದಿಕೆಯ ಜೊತೆಗೆ "ಸ್ವಲ್ಪ ಗೊಬ್ಬರಾನೂ ಹಾಕಿದ್ವಿ ಸರ್" ಎನ್ನುವುದು. ಬದಲಾಗುವುದು ಒಂದೇ ಇರಬೇಕು, ಮಿಕ್ಕಿದ್ದೆಲ್ಲ ಎರಡೂ ಕಡೆ ಸಮ. ಇನ್ನೊಂದು, ಅಂಚಿನ ಗಿಡಗಳನ್ನೂ ಲೆಕ್ಕಕ್ಕೆ ಹಿಡಿಯುವುದು. ಅಂಚಿನದಕ್ಕೆ ಬೆಳಕು ಹೆಚ್ಚು, ಪೈಪೋಟಿ ಕಡಿಮೆ. ಅದು ಯಾವಾಗಲೂ ಕೊಬ್ಬಿರುತ್ತದೆ. ಹಾಗಾಗಿ ಒಳಗಿನ ಸಾಲುಗಳನ್ನಷ್ಟೇ ತೂಗಿ, ಅವು ನಿಂತಿದ್ದ ಜಾಗವನ್ನಷ್ಟೇ ಅಳೆಯಿರಿ.

## ಹೆಜ್ಜೆ 6: ದಿನಚರಿ ಮತ್ತು ಲೆಕ್ಕ

ದಪ್ಪ ರಟ್ಟಿನ ಒಂದು ಪುಸ್ತಕ, ಜೋಡಿಗೊಂದು. ಬಿಡಿ ಹಾಳೆ ಬೇಡ, ಮೊಬೈಲೂ ಬೇಡ. ಕೆಸರು ಕೈಯಲ್ಲಿ ಪೆನ್ಸಿಲ್ಲೇ ಸರಿ. ಪ್ರತಿ ಭೇಟಿಗೂ ದಿನಾಂಕ, ಆ ವಾರದ ಮಳೆ, ಹಾಕಿದ ನೀರು ಎಷ್ಟು ಲೀಟರ್, ಮಾಡಿದ ಕೆಲಸ ಮತ್ತು ಹಿಡಿದ ನಿಮಿಷ, ಕಂಡದ್ದು. 'ಕಂಡದ್ದು' ಮತ್ತು 'ಅನ್ನಿಸಿದ್ದು' ಬೇರೆ ಬೇರೆ ಕಾಲಂ. "ಗಿಡ ಚೆನ್ನಾಗಿದೆ" ಎಂಬುದು ಅನ್ನಿಸಿದ್ದು. "12 ಗಿಡದಲ್ಲಿ 3ರ ಕೆಳಗಿನ ಎಲೆ ಹಳದಿ" ಎಂಬುದು ಕಂಡದ್ದು. ಈ ಒಂದು ಗೆರೆ ಎಳೆಸಲು ನನಗೆ ಆರು ವಾರ ಬೇಕಾಗುತ್ತದೆ, ಆದರೆ ಎಳೆದ ಮೇಲೆ ಅದು ವಿಜ್ಞಾನದ ಪ್ರಯೋಗದ ಪುಸ್ತಕದಲ್ಲೂ ಕಾಣಿಸಿಕೊಳ್ಳುತ್ತದೆ.

ಮಳೆಮಾಪಕ ಕೊಳ್ಳಬೇಕಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ-ಗೋಡೆಯಿಂದ ದೂರ ಇಟ್ಟು, ದಿನವೂ ಒಂದೇ ಹೊತ್ತಿಗೆ ಸ್ಕೇಲಿನಿಂದ ಅಳೆದರೆ ಆಯಿತು.

ಲೆಕ್ಕದಲ್ಲಿ ಜಗಳ ಬರುವುದು ಕೂಲಿಯ ಕಾಲಂನಲ್ಲಿ. ಬೀಜ, ಗೊಬ್ಬರ, ಹಗ್ಗದ ಖರ್ಚು ಬರೆದು "ಲಾಭ ಬಂತು" ಎಂದು ಕುಣಿಯುತ್ತಾರೆ. ಆಗ ನಿಮಿಷದ ಕಾಲಂ ಕೂಡಿಸಲು ಹೇಳಿ. ದಿನಕ್ಕೆ 15 ನಿಮಿಷದಂತೆ 60 ದಿನ ಎಂದರೆ 15 ಗಂಟೆ. ಅದಕ್ಕೆ ನಿಮ್ಮಲ್ಲಿ ನಡೆಯುವ ಕೂಲಿ ದರ ಹಾಕಿಸಿ. ಎರಡು ಚದರ ಮೀಟರಿನ ಬೆಳೆ ಈ ಕೂಲಿಯನ್ನು ತಡೆದುಕೊಳ್ಳುವುದಿಲ್ಲ, ತರಗತಿಗೆ ತರಗತಿಯೇ ನಷ್ಟಕ್ಕೆ ಇಳಿಯುತ್ತದೆ. "ನಮ್ಮ ಕೆಲಸಕ್ಕೆ ದುಡ್ಡು ಯಾಕೆ ಲೆಕ್ಕ ಹಾಕ್ಬೇಕು?" ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಬೇಡಿ, ಆ ಪಿರಿಯಡ್ಡನ್ನು ಪೂರ್ತಿ ಚರ್ಚೆಗೆ ಬಿಟ್ಟುಬಿಡಿ. ಹೊಲವಿರುವ ಮನೆಯ ಮಕ್ಕಳು ಅಂದು ಮಾತಾಡುವಷ್ಟು ವರ್ಷದಲ್ಲಿ ಇನ್ನೆಂದೂ ಮಾತಾಡುವುದಿಲ್ಲ.

ಇಳುವರಿಯನ್ನು ಹೆಕ್ಟೇರಿಗೆ ಏರಿಸುವ ಲೆಕ್ಕವೂ ಇರಲಿ: ಚದರ ಮೀಟರಿಗೆ 1.75 ಕಿಲೋ ಎಂದರೆ 10,000ದಿಂದ ಗುಣಿಸಿ 17.5 ಟನ್. ಆಮೇಲೆ, ಯಾಕೆ ಈ ಅಂಕಿಯನ್ನು ನಂಬಬಾರದು ಎಂದು ಕೇಳಿ. ದಿನವೂ ಇಬ್ಬರು ಕಾವಲು ಕಾಯುವ ಮಡಿಗೂ ಬಯಲು ಹೊಲಕ್ಕೂ ಇರುವ ಅಂತರ ಅವರಿಗೇ ಹೊಳೆಯುತ್ತದೆ.

## ಹೆಜ್ಜೆ 7: ಗೊಬ್ಬರವನ್ನು ರಸಾಯನಶಾಸ್ತ್ರದ ಜೊತೆ ಕಲಿಸಿ

ಚೀಲದ ಮೇಲಿನ ಮೂರು ಅಂಕಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟು ಎಂಬುದನ್ನು ಹೇಳುತ್ತವೆ. 10:26:26 ಎಂದಿದ್ದರೆ 50 ಕಿಲೋ ಚೀಲದಲ್ಲಿ ಸಾರಜನಕ 5 ಕಿಲೋ. ರಂಜಕ 13 ಕಿಲೋ ಎಂದು ಮಕ್ಕಳು ಹೇಳುತ್ತಾರೆ, ಅಲ್ಲ. ಅನೇಕ ದೇಶಗಳಲ್ಲಿ ಆ ಅಂಕಿ ರಂಜಕದ ಪೆಂಟಾಕ್ಸೈಡಿನ ಲೆಕ್ಕದಲ್ಲಿರುತ್ತದೆ. ಪರಮಾಣು ತೂಕ ಹಾಕಿ ನೋಡಿದರೆ ಅದರಲ್ಲಿ ರಂಜಕ ಶೇ. 44ರಷ್ಟೂ ಇಲ್ಲ, 13 ಕಿಲೋದಲ್ಲಿ ನಿಜವಾದ ರಂಜಕ ಸುಮಾರು 5.7 ಕಿಲೋ. ಅಣುತೂಕದ ಪಾಠ ಯಾಕೆ ಬೇಕು ಎಂದು ಗೊಣಗುವವರಿಗೆ ಇದನ್ನು ತೋರಿಸಿ.

ಎಲೆ ಓದುವುದಕ್ಕೆ ಒಂದೇ ಸೂತ್ರ ಸಾಕು. ಸಾರಜನಕ ಗಿಡದೊಳಗೆ ಓಡಾಡಬಲ್ಲದು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣಕ್ಕೆ ಹಾಗೆ ಓಡಾಡಲು ಬರುವುದಿಲ್ಲ, ಆದ್ದರಿಂದ ತುದಿಯ ಎಳೆ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿರುತ್ತದೆ. ಮೇಲೋ ಕೆಳಗೋ ಎಂಬ ಒಂದು ಪ್ರಶ್ನೆಯಿಂದ ಪತ್ತೇದಾರಿಕೆ ಶುರುವಾಗುತ್ತದೆ.

ಅಲಸಂದೆ ಬೆಳೆದ ಜೋಡಿ ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿ, ಬೇರು ತೊಳೆದು, ಗಂಟನ್ನು ಬ್ಲೇಡಿನಿಂದ ಸೀಳಲಿ. ಒಳಗೆ ಗುಲಾಬಿ-ಕೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂದರ್ಥ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ನೆಂಟ.

ಕಾಂಪೋಸ್ಟಿಗೆ ಇಂಗಾಲ-ಸಾರಜನಕದ ಅನುಪಾತ 25-30ಕ್ಕೆ 1 ಇರಲಿ: ಒಣ ಎಲೆ, ಹುಲ್ಲು ಇಂಗಾಲದ ಕಡೆ, ಹಸಿ ಕಸ, ಸಗಣಿ ಸಾರಜನಕದ ಕಡೆ. ರಾಶಿ ಎಲ್ಲ ದಿಕ್ಕಿಗೂ ಒಂದು ಮೀಟರ್ ಇದ್ದರೆ ಒಳಗೆ ಕಾವು ಹಿಡಿದು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾರುತ್ತಿದ್ದರೆ ಗಾಳಿ ಸಾಲದು, ಕಾವೇ ಬರದಿದ್ದರೆ ಒಣಗಿದೆ ಅಥವಾ ಸಾರಜನಕ ಕಡಿಮೆ.

## ಹೆಜ್ಜೆ 8: ಹುಳು ಎಣಿಸಿ, ಔಷಧ ಮುಟ್ಟಬೇಡಿ

ವಾರಕ್ಕೊಮ್ಮೆ ಪ್ರತಿ ಜೋಡಿ 10 ಗಿಡದ ಎಲೆ ಮಗುಚಿ ನೋಡಿ, ಸಸ್ಯಹೇನು ಎಷ್ಟು, ಅದನ್ನು ತಿನ್ನುವ ಗುಲಗಂಜಿ ಹುಳು ಮತ್ತು ಅದರ ಮರಿ ಎಷ್ಟು ಎಂದು ಬರೆಯಲಿ. ಗುಲಗಂಜಿ ಹುಳದ ಮರಿ ಮೊಸಳೆಯ ಆಕಾರದ ಕರಿ ಜಂತು. ಪರಿಚಯ ಮಾಡಿಸದಿದ್ದರೆ ಮಕ್ಕಳು ಕೀಟವೆಂದು ಹೊಸಕಿಬಿಡುತ್ತಾರೆ. ಮೂರು ವಾರದ ಅಂಕಿಯನ್ನು ಗ್ರಾಫಿನಲ್ಲಿ ಹಾಕಿದ ಮೇಲೆ, ಏನಾದರೂ ಮಾಡಬೇಕೇ ಬೇಡವೇ ಎಂಬ ತೀರ್ಮಾನ ಅವರದು.

ಕೀಟನಾಶಕದ ವಿಷಯದಲ್ಲಿ ನನ್ನ ಕಡೆ ರಾಜಿ ಇಲ್ಲ. ಸಿಂಪಡಿಸುವುದು, ಬೆರೆಸುವುದು, ಖಾಲಿ ಡಬ್ಬಿ ತೊಳೆಯುವುದು ಯಾವುದೂ ವಿದ್ಯಾರ್ಥಿಯ ಕೆಲಸವಲ್ಲ. ಕೃಷಿಯಲ್ಲಿ ಸುರಕ್ಷತೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2001ರ ಒಡಂಬಡಿಕೆ, ಆರೋಗ್ಯಕ್ಕೆ ಅಪಾಯ ತರುವ ಕೃಷಿ ಕೆಲಸಕ್ಕೆ ಕನಿಷ್ಠ ವಯಸ್ಸು 18 ಎನ್ನುತ್ತದೆ. ಲೇಬಲ್ ಓದುವುದನ್ನು ಮಾತ್ರ ಕಲಿಸಲೇಬೇಕು: ವಿಷದ ದರ್ಜೆ, ಪ್ರಮಾಣ, ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯಬಹುದು. ಅದಕ್ಕೆ ಲೇಬಲ್ಲಿನ ಫೋಟೊ ಸಾಕು. ಉಳಿದಂತೆ ಕಾಲಿಗೆ ಬೂಟು, ಧನುರ್ವಾಯು ಚುಚ್ಚುಮದ್ದು ಹಾಕಿಸಿದ ದಾಖಲೆ, ಸಲಕರಣೆಯ ಬಾಯಿ ನೆಲಕ್ಕೆ, ಕೆಲಸ ಮುಗಿದ ಮೇಲೆ ಸೋಪು. ಶಿಕ್ಷೆಯೆಂದು ಯಾರನ್ನೂ ಕಳೆ ಕೀಳಲು ಕಳಿಸಬೇಡಿ. ಒಮ್ಮೆ ಹಾಗೆ ಮಾಡಿದರೆ ಇಡೀ ವಿಷಯವೇ ಶಿಕ್ಷೆಯಾಗಿಬಿಡುತ್ತದೆ.

## ಹೆಜ್ಜೆ 9: ಹೊರಗಿನವರು

ಪಶುಪಾಲನೆ, ಯಂತ್ರ, ಮಾರುಕಟ್ಟೆ ಇವನ್ನು ಶಾಲೆಯೊಳಗೆ ತರಲು ಹೆಣಗಬೇಡಿ. ರಜೆಯಲ್ಲಿ ಮೇವು ಹಾಕುವವರಿಲ್ಲದ ಶಾಲೆ ಕೋಳಿಯನ್ನೂ ಸಾಕಬಾರದು. ಬದಲಿಗೆ ಭೇಟಿ ಇಟ್ಟುಕೊಳ್ಳಿ, ಹೋಗುವ ಮೊದಲು ಪ್ರತಿಯೊಬ್ಬರೂ ಎರಡು ಪ್ರಶ್ನೆ ಬರೆದಿರಲಿ. ಕೃಷಿಕರನ್ನು ಶಾಲೆಗೆ ಕರೆದರೆ ಭಾಷಣಕ್ಕೆ ಕೂರಿಸಬೇಡಿ, ಮಡಿಗಳ ನಡುವೆ ನಡೆಸಿ. "ಇಲ್ಲಿ ನೀವಾಗಿದ್ರೆ ಏನು ಮಾಡ್ತಿದ್ರಿ?" ಎಂಬ ಒಂದೇ ಪ್ರಶ್ನೆಗೆ ಅವರು ಒಂದು ಗಂಟೆ ಮಾತಾಡಬಲ್ಲರು.

## ಹೆಜ್ಜೆ 10: ಅಂಕ ಕೊಡುವುದು

ಇಳುವರಿಗೆ ಅಂಕ ಕೊಡಬೇಡಿ. ಕೊಟ್ಟ ದಿನವೇ ಪಕ್ಕದ ಮಡಿಯ ಕಾಯಿ ಕಾಣೆಯಾಗುತ್ತದೆ, ತೂಕದಲ್ಲಿ ಕಲ್ಲು ಸೇರುತ್ತದೆ. ನಾನು ಹಂಚುವುದು ಹೀಗೆ: ದಿನಚರಿಗೆ 40, ಪ್ರಾಯೋಗಿಕ ಪರೀಕ್ಷೆಗೆ 30, ತನ್ನ ಪ್ರಯೋಗವನ್ನು ಎದುರಿಗೆ ನಿಂತು ಸಮರ್ಥಿಸುವುದಕ್ಕೆ 20, ಬರಹದ ಪರೀಕ್ಷೆಗೆ 10. ಪ್ರಾಯೋಗಿಕ ಪರೀಕ್ಷೆಯಲ್ಲಿ ಆರು ಮೇಜು, ಮೇಜಿಗೆ ಐದು ನಿಮಿಷ: ಕಣ್ಣು ಮುಚ್ಚಿ ಮಣ್ಣು ಹೇಳು, ಬೀಜದ ಲೆಕ್ಕ ಮಾಡು, ಈ ಎಲೆಗೆ ಏನಾಗಿದೆ, ಈ ಲೇಬಲ್ಲಿನಲ್ಲಿ ಕೊಯ್ಲಿಗೆ ಎಷ್ಟು ದಿನ, ಇದು ಮಿತ್ರ ಕೀಟವೋ ಶತ್ರುವೋ, ಈ ಚೀಲದಲ್ಲಿ ಸಾರಜನಕ ಎಷ್ಟು ಕಿಲೋ.

ಸಮರ್ಥನೆಯ ದಿನ ಬೆಳೆ ಪೂರ್ತಿ ಸತ್ತುಹೋದ ಜೋಡಿಯನ್ನೇ ಮೊದಲು ಕರೆಯಿರಿ. ದಿನಚರಿ ಸರಿಯಾಗಿದ್ದರೆ ಅವರಿಗೆ ಹೇಳಲು ಎಲ್ಲರಿಗಿಂತ ಹೆಚ್ಚು ಇರುತ್ತದೆ, ಉಳಿದವರ ಭಯವೂ ಇಳಿಯುತ್ತದೆ.

## ಹೆಜ್ಜೆ 11: "ಇದನ್ನು ಓದಿ ಮುಂದೇನು?"

ಪೋಷಕರು ಕೇಳುವುದು ಇದನ್ನೇ, ಕೇಳುವುದು ನ್ಯಾಯವೂ ಹೌದು. ಗಣಿತ ಬಾರದವರಿಗೆ ಕೃಷಿ ಎಂಬ ತಪ್ಪು ತಿಳಿವಳಿಕೆಯನ್ನು ಮೇಲಿನ ಹೆಜ್ಜೆಗಳೇ ಕಳೆದಿರಬೇಕು. ಮುಂದಿನ ದಾರಿಗಳು ಬೇಸಾಯವಲ್ಲದೆ ಹಲವು: ಮಣ್ಣು ವಿಜ್ಞಾನ, ತೋಟಗಾರಿಕೆ, ಸಸ್ಯ ತಳಿ ಅಭಿವೃದ್ಧಿ, ಪಶುವೈದ್ಯ, ಆಹಾರ ತಂತ್ರಜ್ಞಾನ, ಕೃಷಿ ಎಂಜಿನಿಯರಿಂಗ್, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ (ಹೊಸ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸುವ ಕೆಲಸ). ಇವುಗಳಲ್ಲಿ ಬಹುಪಾಲಿಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಮುಂದಿನ ತರಗತಿಯಲ್ಲಿ ವಿಷಯ ಆರಿಸುವ ಮುಂಚೆಯೇ ಹೇಳಿ. ಇನ್ನೊಂದು ಶಾಲೆಯ ಕೃಷಿ ಕೋರ್ಸಿಗೆ ಸೇರಿಸಬೇಕೆಂದಿರುವ ಪೋಷಕರು ಹೋಗಿ ಕೇಳಬೇಕಾದದ್ದು ಒಂದೇ ಮಾತು: "ಹೋದ ವರ್ಷದ ಮಕ್ಕಳ ದಿನಚರಿ ತೋರಿಸ್ತೀರಾ?"

## ಕೊನೆಯ ವಾರ

ಬೆಳೆ ತೆಗೆದ ಮಡಿಯನ್ನು ಬೆತ್ತಲೆ ಬಿಡಬೇಡಿ. ಒಣ ಎಲೆ ಹೊದಿಸಿ, ಇಲ್ಲವೇ ನೀರಿನ ಅನುಕೂಲವಿದ್ದರೆ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿ. ಬೀನ್ಸ್, ಅಲಸಂದೆಯಲ್ಲಿ ಪರಾಗಸ್ಪರ್ಶ ಬಹುಮಟ್ಟಿಗೆ ಹೂವಿನೊಳಗೇ ಮುಗಿಯುವುದರಿಂದ ಬೀಜ ಉಳಿಸುವುದು ಸುಲಭ: ಒಳ್ಳೆಯ ಗಿಡದ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಸುಲಿದು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ, ಮೇಲೆ ತಳಿಯ ಹೆಸರು ಮತ್ತು ದಿನಾಂಕ ಇರಲಿ. ಸಲಕರಣೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ.

ದಿನಚರಿಗಳನ್ನು ಮಕ್ಕಳಿಗೆ ವಾಪಸು ಕೊಡಬೇಡಿ, ಅವರಿಗೆ ಬೇಕಿದ್ದರೆ ನಕಲು ತೆಗೆದುಕೊಳ್ಳಲಿ. ಮೇಲೆ ಮಡಿಯ ನಂಬರ್ ಬರೆದು ಕಪಾಟಿನಲ್ಲಿಡಿ. ಮುಂದಿನ ವರ್ಷ 7ನೇ ಮಡಿಗೆ ಬರುವ ಜೋಡಿ ಮೊದಲ ದಿನ ಆ ಪುಸ್ತಕ ತೆರೆದು, ಅಲ್ಲಿ ಬಲಗಡೆ ಅರ್ಧದಲ್ಲಿ ನೀರು ನಿಲ್ಲುತ್ತದೆ ಎಂದು ಓದಿಕೊಂಡೇ ಸಲಿಕೆ ಹಿಡಿಯುತ್ತದೆ.